ಅಜ್ಜಿ ತಂದ ಗಂಗೆ

ಹುಣಸೆಹಣ್ಣು ಹಚ್ಚಿ ತಿಕ್ಕಿದ ತಾಮ್ರದ ಬಿಂದಿಗೆಯ ಹುಳಿ ವಾಸನೆ ಮೂಗಿಗೆ ಬಡಿದರೆ ಸಾಕು, ಸೆರಗು ಸೊಂಟಕ್ಕೆ ಸಿಕ್ಕಿಸಿದ ನನ್ನಜ್ಜಿ ಎದುರಿಗೆ ಬಂದು ನಿಲ್ಲುತ್ತಾಳೆ. ಚಿನ್ನದ ಗಣಿಯ ಊರಾದ ಉರಿಗಾಂನ ನಮ್ಮ ಸಾಲುಮನೆ ಈಗಿಲ್ಲ. ಪಾಳಿ ಬದಲಾದಾಗ ಗಣಿ ಕೂಗುತ್ತಿದ್ದ ಆ ಕೂಗೂ ಇಲ್ಲ. ಬಿಂದಿಗೆ ಮಾತ್ರ ನನ್ನ ಹತ್ತಿರವಿದೆ, ಯಾರು ಕೇಳಿದರೂ ಕೊಡುವುದಿಲ್ಲ.

ಅರವತ್ತರ ದಶಕದ ಮೊದಲಲ್ಲಿ ಚಿಕ್ಕಮ್ಮನ ಮದುವೆ ಗೊತ್ತಾಯಿತು. ನಮ್ಮಲ್ಲಿ ಮದುವಣಗಿತ್ತಿಗೆ ನೀರು ಹಾಕುವ ಮೊದಲು ಮುತ್ತೈದೆಯರು ಗಂಗೆ ತರಬೇಕು. ಅಜ್ಜನನ್ನು ಗಣಿ ಎಂದೋ ನುಂಗಿತ್ತು. ಅಜ್ಜಿ ಬಿಂದಿಗೆಗೆ ಕೈ ಹಾಕಿದ್ದೇ ತಡ, ಅಜ್ಜನ ಅಣ್ಣ, ನಮ್ಮ ದೊಡ್ಡತಾತ, ತಡೆದರು. "ಗಂಡ ಇಲ್ದೋಳು ಗಂಗೆ ಮುಟ್ಟಬಾರ್ದು ಕಣಮ್ಮ. ಮುತ್ತೈದೇರು ನಲ್ಲೀಲಿ ಇಡ್ಕೊಂಡು ಬತ್ತಾರೆ, ಬಿಡು."

"ನಲ್ಲಿ ನೀರು ನೀವೇ ಇಟ್ಕೊಳ್ಳಿ ಭಾವ. ಎತ್ತ ತಾಯಿ ನಾನು. ನನ್ ಮಗಳಿಗೆ ಒಳೆ ಉಟ್ಟೋ ಜಾಗಕ್ಕೇ ಓಗಿ ತತ್ತೀನಿ" ಎಂದವಳೇ ನನ್ನ ಕೈ ಹಿಡಿದು ಹೊರಟಳು.

ಕಾಮಸಮುದ್ರದವರೆಗೆ ಬಸ್ಸು. ಅಲ್ಲಿಂದ ಅವಳ ತವರೂರು ದಾಟಿ, ಊರಿನ ಹೊಳೆಯ ಜಾಡು ಹಿಡಿದು ಬೆಟ್ಟ ಹತ್ತಿದೆವು. ಬೇಸಿಗೆ, ಹೊಳೆಯಲ್ಲಿ ಬರೀ ಮರಳು. ಮೇಲೆ ಮರವೇ ಇಲ್ಲದ ಬಯಲು, ಕಾದ ಬಂಡೆ, ಕಾಲು ಕೊಯ್ಯುವ ಬಾದೆಹುಲ್ಲು, ನಿಲ್ಲಲು ಬಿಡದ ಗಾಳಿ. ದನ ಮೇಯಿಸುತ್ತಿದ್ದ ಮುದುಕ "ನೀಳ್ಳು ಲೇವಮ್ಮಾ" ಎಂದು, ನೀರಿಲ್ಲವೆಂಬಂತೆ ಕೈಯಾಡಿಸಿದ. ನಾನು ಅಳತೊಡಗಿದೆ. "ಅಳೋದಾದ್ರೆ ನಡೀತಾ ಅಳು ಕಣೇ" ಎಂದಳು ಅಜ್ಜಿ. ಕೊನೆಗೆ ವಾಲಿದ ಬಂಡೆಯೊಂದರ ಕೆಳಗೆ ಹಸಿ ಮಣ್ಣು ಕಂಡಿತು. ಬರಿಗೈಯಲ್ಲಿ ಬಗೆದಳು, ಬಂಡೆ ಬುಡದ ಗಿಡದ ಎಲೆ ಮಡಚಿ, ನೀರು ಬಿಂದಿಗೆಗಿಳಿಯಲು ದೋಣಿಯಂತೆ ಸಿಕ್ಕಿಸಿದಳು. ನೀರು ಜಿನುಗಿತು. ನನಗೆ ಬೊಗಸೆಯಲ್ಲಿ ಕುಡಿಸಿದಳು, ತಾನು ಕುಡಿಯಲಿಲ್ಲ. ಹೊತ್ತು ಇಳಿಯುವ ವೇಳೆಗೆ ಅರ್ಧ ಬಿಂದಿಗೆ ತುಂಬಿತು.

ನೀರು ಹಾಕುವ ದಿನ ದೊಡ್ಡತಾತ ಬಾಗಿಲಿಗೆ ಅಡ್ಡ ನಿಂತರು. ಮಣೆಯ ಮೇಲಿದ್ದ ಚಿಕ್ಕಮ್ಮ ನಲ್ಲಿ ನೀರಿನ ಕೊಡವನ್ನು ಪಕ್ಕಕ್ಕೆ ಸರಿಸಿದಳು. "ಅವ್ವ ತಂದ ನೀರು ಉಯ್ಯೋಗಂಟ ನಾನು ಏಳಾಕಿಲ್ಲ ದೊಡ್ಡಪ್ಪ." ದೊಡ್ಡತಾತ ಗೊಣಗುತ್ತಾ ಸರಿದರು. ಅಜ್ಜಿ ತಾನೇ ಹುಯ್ದಳು, ಗೀರು ಬಿದ್ದ ಆ ಕೈಗಳಿಂದ. ಕೆಟ್ಟದ್ದಾಗುತ್ತದೆ ಎಂದವರೆಲ್ಲ ತೀರಿಹೋದರು; ಚಿಕ್ಕಮ್ಮ ಮೊಮ್ಮಕ್ಕಳನ್ನು ಎತ್ತಿ ಆಡಿಸಿದಳು.

ನನ್ನ ಗಂಡ ತೀರಿಕೊಂಡ ಮೇಲೆ ನನ್ನ ಮಗಳ ಮದುವೆ ಬಂತು. ಅಜ್ಜಿ ಇರಬೇಕಿತ್ತು ಎಂದು ಅಂದು ಅನಿಸಿದಷ್ಟು ಎಂದೂ ಅನಿಸಿಲ್ಲ. ಗಂಗೆ ತರುವ ಮಾತೆದ್ದಾಗ ಹಿರಿಯರೊಬ್ಬರು ನನ್ನ ಕಡೆ ನೋಡಿ ಗಂಟಲು ಸರಿಮಾಡಿಕೊಂಡರು. ಅವರು ಬಾಯಿ ತೆರೆಯುವಷ್ಟರಲ್ಲಿ ನಾನು ಹುಣಸೆಹಣ್ಣು ತಂದು ಬಿಂದಿಗೆ ತಿಕ್ಕಲು ಕೂತಿದ್ದೆ.