ಸನ್ಮಾನದ ಶಾಲು, ಕಪ್ಪು ಬಾನೆಟ್

ಹೋದ ವರ್ಷದ ಬೇಸಿಗೆ. ಗದಗದಿಂದ ಮುಂಡರಗಿಗೆ ಹೋಗುವ ರಸ್ತೆಯ ಬದಿಗೆ ನನ್ನ ವಾಟರ್ ಸರ್ವಿಸ್ ಇದೆ. ಕಾರು ತೊಳೆಯುವುದು, ಪಾಲಿಶ್ ಮಾಡುವುದು ನನ್ನ ಕಸುಬು. ಒಂದು ಮುಂಜಾನೆ ಶಿರಹಟ್ಟಿ ಕಡೆಯ ಸಾವಕಾರರೊಬ್ಬರ ಹೊಸ ಕಪ್ಪು ಕಾರು ಬಂದು ನಿಂತಿತು. ಶೇಂಗಾ ವ್ಯಾಪಾರ ಮಾಡುತ್ತಲೇ ಮುಖಂಡರಾದವರು. ಅವರು ಬಾರದೆ ಆ ಸೀಮೆಯಲ್ಲಿ ಒಂದು ಬೋರ್‌ವೆಲ್ಲಿನ ಗುಂಡಿಯನ್ನೂ ಒತ್ತುವಂತಿಲ್ಲ.

ಇಳಿದವರೇ ಡ್ರೈವರ್ ಈರಪ್ಪನ ಕಡೆ ಕೈ ಮಾಡಿದರು.

"ಮಿಸ್ತ್ರಿ, ಈ ಹುಚ್ಚಪ್ಯಾಲಿ ಗಾಡಿ ತಿಕ್ಕಿ ತಿಕ್ಕಿ ಹಾಳ ಮಾಡ್ಯಾನ. ಬಾನೆಟ್ ತುಂಬ ಗೆರಿ. ಇದು ಇವಂದ ಕೆಲಸ ಅಂತ ನೀವೊಂದ ಮಾತ ಹೇಳ್ರಿ, ಇವತ್ತ ಕೀಲಿ ಇಸಗೊಂಡ ಮನಿಗೆ ಕಳಸ್ತೀನಿ."

ಈರಪ್ಪ ನನ್ನಂತೆಯೇ ಐವತ್ತು ದಾಟಿದವನು. ಸಾವಕಾರರ ಹತ್ತಿರ ಬರೀ ಟೆಂಪೋ ಇದ್ದ ಕಾಲದಿಂದಲೂ ಓಡಿಸಿದವನು. ಈ ವಯಸ್ಸಿನಲ್ಲಿ ಕೀಲಿ ಹೋದರೆ ಇನ್ನೊಬ್ಬರು ಕೆಲಸ ಕೊಡುವುದು ಕಷ್ಟ. ಅವನು ಕೀಲಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ.

"ಮೊದಲ ತೊಳೀತೀನ್ರಿ, ಆಮ್ಯಾಲ ಹೇಳ್ತೀನಿ" ಎಂದೆ.

ಕಪ್ಪು ಕಾರಿಗೆ ಅವಸರ ಆಗದು. ನೆರಳಿಗೆ ನಿಲ್ಲಿಸಿ ಬಾನೆಟ್ ಆರುವವರೆಗೆ ಕಾಯ್ದೆ. ಬಿಸಿ ತಗಡಿನ ಮೇಲೆ ನಮ್ಮ ಬೋರಿನ ನೀರು ಒಣಗಿದರೆ ಬಿಳಿ ಕಲೆ ಉಳಿಯುತ್ತದೆ. ಕೈ ಮುಟ್ಟಿಸದೆ ಮೇಲಿನಿಂದ ಕೆಳಗೆ ನೀರು ಬಿಟ್ಟೆ. ಎರೆಮಣ್ಣಿನ ಧೂಳು ಕಣ್ಣಿಗೆ ಹಿಟ್ಟಿನಂತೆ ಕಂಡರೂ ಒಳಗೆ ಹರಳು ಇರುತ್ತದೆ. ಶಾಂಪೂ ಒಂದು ಬಕೆಟ್ಟಿನಲ್ಲಿ, ಕೈಗವಸು ಜಾಲಾಡಲು ಚೊಕ್ಕ ನೀರು ಇನ್ನೊಂದರಲ್ಲಿ. ಗುಂಡಗೆ ತಿಕ್ಕಬಾರದು, ಉದ್ದಕ್ಕೆ ಹಗುರವಾಗಿ ಎಳೆಯಬೇಕು. ಕೊನೆಗೆ ದಪ್ಪ ಮೈಕ್ರೋಫೈಬರ್ ಟವೆಲ್ ಹಾಸಿ ನೀರು ಹೀರಿಸಬೇಕು.

"ಎಮ್ಮಿ ಮೈ ತೊಳ್ಯಾಕ ಇಷ್ಟ ಹೊತ್ತ ಹತ್ತೂದಿಲ್ಲ" ಎಂದರು ಸಾವಕಾರರು, ಕುರ್ಚಿಯಲ್ಲಿ ಕೂತು.

"ಎಮ್ಮಿಗೆ ಗೆರಿ ಬಿದ್ರ ನಿಮ್ಮ ಮರ್ಯಾದಿ ಹೋಗೂದಿಲ್ಲಲ್ರಿ."

ಕಾರನ್ನು ಬಿಸಿಲಿಗೆ ತಂದು ನೋಡಿದೆ. ಬಾನೆಟ್ಟಿನ ಮೇಲೆ ಜೇಡರ ಬಲೆಯಂಥ ಗೆರೆಗಳು. ಉಳಿದ ಮೈಯೆಲ್ಲ ಕನ್ನಡಿ. ಈರಪ್ಪ ತೊಳೆದದ್ದರಿಂದ ಬಿದ್ದಿದ್ದರೆ ಎಲ್ಲ ಕಡೆ ಇರಬೇಕಿತ್ತು. ಮ್ಯಾಟ್ ಜಾಡಿಸಲು ಡಿಕ್ಕಿ ತೆಗೆದೆ. ಒಳಗೆ ಸನ್ಮಾನದ ಶಾಲುಗಳ ರಾಶಿ, ಜರಿಯ ಅಂಚಿನಲ್ಲಿ ಎರೆಮಣ್ಣು.

"ಇವು ಯಾಕ್ರಿ ಇಲ್ಲೆ?"

"ಹೋದಲ್ಲೆಲ್ಲಾ ಹೊಚ್ಚತಾರ, ಏನ್ ಮಾಡೂದ್ರಿ? ಊರ ಅಗಸಿ ಬಾಗಲಾ ಬಂತಂದ್ರ ಇಳದು ನಾನ ಬಾನೆಟ್ ಒರಸ್ತೀನಿ. ಧೂಳ ಹಿಡದ ಗಾಡ್ಯಾಗ ಹೋದ್ರ ಮಂದಿ ಏನಂದಾರು?"

"ಈ ಶಾಲಿಲೇನ ಬಿದ್ದ ಗೆರಿ ಅವು. ಒಣಾ ಧೂಳಿನ ಮ್ಯಾಲ ಜರಿ ತಿಕ್ಕೀರಿ."

"ಏ, ಸನ್ಮಾನದ ಶಾಲಿಲೆ ಗೆರಿ ಬೀಳ್ತಾವೇನ್ರಿ! ಮೆತ್ತಗ ಐತಿ ಅದು."

"ಹಂಗಾರ ನಿಮ್ಮ ಚಸ್ಮಾ ಕೊಡ್ರಿ. ಈ ಶಾಲಿಲೇನ ಒರಸಿಕೊಡ್ತೀನಿ."

ಅವರ ಕೈ ಥಟ್ಟನೆ ಚಸ್ಮಾಕ್ಕೆ ಹೋಯಿತು. ಕೊಡಲಿಲ್ಲ, ತೆಗೆದು ಜೇಬಿಗೆ ಇಳಿಸಿಕೊಂಡರು. ಆಮೇಲೆ ಈರಪ್ಪನ ಕಡೆ ತಿರುಗಿದರು.

"ಮತ್ತ ನೀ ಯಾಕ ಹೇಳಲಿಲ್ಲಲೇ?"

"ಹೇಳಿದ್ನಿರಿ. ನೀರ ಹಾಕ್ತೀನಿ ತಡೀರಿ ಅಂದ್ರ, ಮಂದಿ ಕಾಯಾಕತ್ತಾರ ಅಂತಿದ್ರಿ."

ಕೀಲಿ ಈರಪ್ಪನ ಹತ್ತಿರವೇ ಉಳಿಯಿತು. ತಪ್ಪಾಯಿತು ಎಂಬ ಮಾತು ಮಾತ್ರ ಸಾವಕಾರರ ಬಾಯಿಂದ ಹೊರಡಲಿಲ್ಲ. ಮೈಕ್ ಇಲ್ಲದ ಕಡೆ ಅವರಿಗೆ ಮಾತು ಕಡಿಮೆ. ನಾನು ಪಾಲಿಶ್ ಮಾಡಿಕೊಟ್ಟೆ. ಪಾಲಿಶ್ ಅಂದರೆ ಬಣ್ಣದ ಮೇಲಿರುವ ಕ್ಲಿಯರ್ ಕೋಟ್ ಎಂಬ ತೆಳು ಪದರವನ್ನೇ ಸ್ವಲ್ಪ ಸವೆಸುವುದು. ಅದನ್ನು ಪದೇ ಪದೇ ಮಾಡಲಾಗದು ಎಂದೂ ಹೇಳಿದೆ. ಕೇಳಿದಂತೆ ತಲೆ ಆಡಿಸಿದರು.

ಮುಂದೆ ಕೆಲವು ದಿನಕ್ಕೆ ಲಕ್ಕುಂಡಿಯ ಬೀಗರ ಮನೆಗೆ ಹೋಗಿದ್ದೆ. ಅಲ್ಲೇ ಶಾಲೆಯ ಹೊಸ ಕೋಣೆಯ ಉದ್ಘಾಟನೆ. ಅದೇ ಕಾರು ಬಂತು. ಸಾವಕಾರರು ಇಳಿದರು, ಹೆಗಲ ಮೇಲೆ ಹಿಂದಿನ ಊರಿನ ಶಾಲು ಇನ್ನೂ ಇತ್ತು. ಅದರ ಸೆರಗು ಹಿಡಿದು ಬಾನೆಟ್ಟಿನ ಕಡೆ ಬಗ್ಗಿದರು.

"ಸಾವ್ಕಾರ್ರ, ಚಸ್ಮಾ!" ಈರಪ್ಪ ಒಳಗಿನಿಂದಲೇ ಕೂಗಿದ.

ಕೈ ಅಲ್ಲೇ ನಿಂತಿತು. ಈರಪ್ಪ ನೀರಿನ ಕ್ಯಾನು ಹಿಡಿದು ಇಳಿದ. ಮೇಲಿನಿಂದ ಕೆಳಗೆ, ನಿಧಾನವಾಗಿ ನೀರು ಬಿಟ್ಟ, ಒಣಗುವ ಮೊದಲೇ ಮೆತ್ತನೆ ಟವೆಲ್ ಹಾಸಿ ಹೀರಿಸಿದ. ಹಾರ ಹಿಡಿದವರು ಬಿಸಿಲಿನಲ್ಲಿ ಕಾಯುತ್ತಲೇ ಇದ್ದರು, ಸಾವಕಾರರೂ.

ಧೂಳಿಗೆ ಮೊದಲು ನೀರು, ಆಮೇಲೆ ಕೈ. ಇಷ್ಟನ್ನು ಯಾರಿಗಾದರೂ ಕಲಿಸಬಹುದು. ಇಂಥ ದೊಡ್ಡವರಿಗೆ ಮಾತ್ರ ಇನ್ನೊಬ್ಬನ ಅನ್ನ ಹೋಗುತ್ತದೆ ಎಂದರೆ ತಿಳಿಯುವುದಿಲ್ಲ. ತಮ್ಮ ಚಸ್ಮಾಕ್ಕೆ ಗೆರೆ ಬೀಳುತ್ತದೆ ಎಂದರೆ ಕೂಡಲೇ ತಿಳಿಯುತ್ತದೆ. ಈ ಕಸುಬು ನನಗೆ ಕಲಿಸಿದ್ದು ಇದು.