ಹತ್ತರೆದುರು ಹದಿನಾರು

ಮಂಗಳೂರಿನಿಂದ ಬೆಳಗಿನ ವಿಮಾನ ಹಿಡಿದು ದುಬೈಯಲ್ಲಿ ಇಳಿದಾಗ ಅಲ್ಲಿ ಇನ್ನೂ ಮಧ್ಯಾಹ್ನವಾಗಿರಲಿಲ್ಲ. ಮೂರೂವರೆ ಗಂಟೆಯ ಪ್ರಯಾಣ. ನನ್ನ ಕೈಯಲ್ಲಿ ಒಂದೇ ಚೀಲವಿತ್ತು. ಹಿಂದಿರುಗುವಾಗ ನನ್ನ ತಮ್ಮ ಸುಧಾಕರನ ಬಟ್ಟೆಬರೆ ತರಬೇಕಿದ್ದುದರಿಂದ ಇನ್ನೊಂದು ಚೀಲವನ್ನು ಅದರೊಳಗೇ ಮಡಚಿ ಇಟ್ಟುಕೊಂಡಿದ್ದೆ. ಅವನು ತೀರಿಕೊಂಡದ್ದು ಮಾರ್ಚ್‌ನಲ್ಲಿ, ಅಬುಧಾಬಿಯ ಒಂದು ಆಸ್ಪತ್ರೆಯಲ್ಲಿ, ಹೃದಯದ ಶಸ್ತ್ರಚಿಕಿತ್ಸೆಯ ಮರುದಿನ. ದೇಹ ಊರಿಗೆ ಬಂದಿತ್ತು. ನಾನು ಇಲ್ಲಿಗೆ ಬಂದದ್ದು ಸೆಪ್ಟೆಂಬರಿನಲ್ಲಿ.

ಹೆಮ್ಮಾಡಿಯ ಮನೆಯಿಂದ ಹೊರಡುವಾಗ ಅಮ್ಮ ಗೇಟಿನವರೆಗೆ ಬಂದಿದ್ದಳು. "ಆಪ್ರೇಶನ್ ಮಾಡ್ಸ್ಕೋ ಅಂದೇಳಿ ಹೇಳದ್ದ್ ಯಾರ್? ಅದೊಂದ್ ಕೇಣ್ಕಂಡ್ ಬಾ" ಎಂದಳು. ಯಾರೆಂದು ಅವಳು ಆಗಲೇ ತೀರ್ಮಾನಿಸಿದ್ದಳು. ಅವನನ್ನು ಆಸ್ಪತ್ರೆಗೆ ಕರೆದೊಯ್ದದ್ದು ಅವನ ದುಬೈಯ ಕೋಣೆಯ ಜೊತೆಗಾರ, ಭಟ್ಕಳದ ನಾಜಿಮ್. ಸುದ್ದಿ ಬಂದ ದಿನ ಫೋನಿನಲ್ಲಿ "ನೀನೇ ಕರ್ಕಂಡ್ ಹೋದದ್ದ್" ಎಂದು ಅವನಿಗೆ ಹೇಳಿಯೂ ಬಿಟ್ಟಿದ್ದಳು. ನನ್ನ ಮನಸ್ಸಿನಲ್ಲೂ ಅದೇ ಇರಲಿಲ್ಲವೆಂದು ಹೇಳಲಾರೆ.

ವಿಮಾನ ನಿಲ್ದಾಣಕ್ಕೆ ಬಂದವನು ನಾಜಿಮನೇ. ಬರ್ ದುಬೈಯಲ್ಲಿ ಚಿಕ್ಕಪ್ಪನ ಬಟ್ಟೆ ಅಂಗಡಿಯಲ್ಲಿ ಕೆಲಸ, ನಲವತ್ತರ ಆಸುಪಾಸು. "ಚೀಲ ಕೊಡಿ ಅಕ್ಕ" ಎಂದು ಅದನ್ನು ತನ್ನ ಹೆಗಲಿಗೆ ಹಾಕಿಕೊಂಡ. ನಾನು ಉಳಿದುಕೊಳ್ಳುವುದು ಮಿರ್ದಿಫ್‌ನಲ್ಲಿ, ನಮ್ಮೂರಿನ ವನಜಳ ಮನೆಯಲ್ಲಿ. ಬಾಗಿಲಲ್ಲಿ ಇಳಿಸಿ, "ನಾಳೆ ಭಾನುವಾರ, ಎಲ್ಲರಿಗೂ ರಜೆ. ಸತ್ವಾದ ನಮ್ಮ ಕೋಣೆಗೆ ಬನ್ನಿ" ಎಂದು ನೆಲ ನೋಡುತ್ತಲೇ ಹೇಳಿ ಹೋದ.

ಸತ್ವಾದ ಆ ಮನೆಗೆ ಮರುದಿನ ಊಟದ ಹೊತ್ತಿಗೆ ತಲುಪಿದೆ. ಬಸ್ಸಿಳಿದು ದರ್ಜಿ ಅಂಗಡಿಗಳ ಸಾಲಿನಲ್ಲಿ ಸ್ವಲ್ಪವೇ ನಡೆದರೂ ಕುಪ್ಪಸ ಬೆನ್ನಿಗೆ ಅಂಟಿತು. ಹಳೆಯ ವಿಲ್ಲಾ, ಒಂದೊಂದು ಕೋಣೆಯಲ್ಲಿ ಒಂದೊಂದು ನಾಡಿನವರು. ಸುಧಾಕರನ ಕೋಣೆಯಲ್ಲಿ ಈಗ ಮೂವರು: ನಾಜಿಮ್, ಮುಲ್ಕಿಯ ಪ್ರವೀಣ, ಮೈಸೂರಿನ ಗಿರೀಶ. ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು ಮಾಡಿದ್ದರು. ಕಿಟಕಿಯ ಬಳಿಯ ಮಂಚ ಖಾಲಿಯಿತ್ತು. ಅದಕ್ಕೆ ಹೊಸ ಬಾಡಿಗೆದಾರನನ್ನು ಅವರು ಇನ್ನೂ ಹುಡುಕಿರಲಿಲ್ಲ.

ಊಟವಾದ ಮೇಲೆ ಪ್ರವೀಣ ನಡುವಿನ ಮೇಜನ್ನು ಒರೆಸಿ, ಇಸ್ಪೀಟು ಕಟ್ಟು ಮತ್ತು ಒಂದು ಡಬ್ಬಿ ಖರ್ಜೂರದ ಬೀಜ ತಂದಿಟ್ಟ. ದುಬೈಗೆ ಬಂದು ಹೋಟೆಲೊಂದರ ಸ್ಟೋರ್ ನೋಡಿಕೊಳ್ಳುವ ಮುಂಚೆ ಸುಧಾಕರ ಪ್ರವಾಸಿ ಹಡಗಿನ ಜೂಜುಕೋಣೆಯಲ್ಲಿ ಎಲೆ ಹಂಚುತ್ತಿದ್ದ. ಅದು ನಮಗೆ ಗೊತ್ತಿತ್ತು. ಇಲ್ಲಿ ಪ್ರತಿ ಭಾನುವಾರ ಇವರಿಗೆ ಬ್ಲ್ಯಾಕ್‌ಜಾಕ್ ಕಲಿಸುತ್ತಿದ್ದನೆಂದು ಗೊತ್ತಿರಲಿಲ್ಲ. ಹಣವಿಟ್ಟು ಆಡುವುದು ಇಲ್ಲಿ ಅಪರಾಧ. ಅವನಿಗೆ ಅದರ ಆಸೆಯೂ ಇರಲಿಲ್ಲವಂತೆ. ಪಣಕ್ಕೆ ಇಡುವುದು ಬೀಜ, ಗೆದ್ದವರು ಅದನ್ನು ಸಂಜೆ ಮತ್ತೆ ಡಬ್ಬಿಗೇ ಸುರಿಯಬೇಕು.

"ಅಕ್ಕ, ನೀವೂ ಕೂತ್ಕೊಳ್ಳಿ. ಸುಧಣ್ಣ ಇದ್ದಿದ್ರೆ ಬಿಡ್ತಿರ್ಲಿಲ್ಲ" ಎಂದ ಗಿರೀಶ.

ಆಟ ಸುಲಭವಾಗಿಯೇ ಇತ್ತು. ಎಲೆಗಳ ಮೊತ್ತ ಇಪ್ಪತ್ತೊಂದರ ಹತ್ತಿರ ಹೋಗಬೇಕು, ದಾಟಬಾರದು; ರಾಜ, ರಾಣಿ, ಗುಲಾಮರಿಗೆ ಹತ್ತು. ಹಂಚುವವನು ಹದಿನೇಳು ಮುಟ್ಟುವವರೆಗೆ ಎಳೆಯಲೇಬೇಕು, ಆದರೆ ಅವನ ಮೊದಲ ಎರಡು ಎಲೆಗಳಲ್ಲಿ ಒಂದೇ ನಮಗೆ ಕಾಣುತ್ತದೆ. ಅದನ್ನು ನೋಡಿ ಇನ್ನೊಂದು ಎಲೆ ಎಳೆಯಬೇಕೋ, ನಿಲ್ಲಬೇಕೋ ಎಂದು ತೀರ್ಮಾನಿಸಬೇಕು. ಕಷ್ಟದ ಕೈಗಳಿಗೆಲ್ಲ ಲೆಕ್ಕ ಹಾಕಿ ಕಂಡುಕೊಂಡ ಉತ್ತರ ಇದೆ, ಎದೆ ಹೇಳಿದ್ದನ್ನು ಕೇಳಬೇಡಿ ಎನ್ನುತ್ತಿದ್ದನಂತೆ ಸುಧಾಕರ.

ಮೊದಲ ಸುತ್ತು ನಾನು ನೋಡುತ್ತ ಕೂತೆ, ಪ್ರವೀಣ ಹಂಚಿದ. ಅವನ ಎದುರು ಮೂರು ಕಾಣುತ್ತಿತ್ತು, ಗಿರೀಶನಲ್ಲಿ ಹನ್ನೆರಡು. ಲೆಕ್ಕದಂತೆ ಗಿರೀಶ ಎಳೆದ. ರಾಜ ಬಂದು ಇಪ್ಪತ್ತೆರಡಾಯಿತು. ಆಮೇಲೆ ಪ್ರವೀಣನ ಮುಚ್ಚಿದ ಎಲೆ ಹತ್ತು ಎಂದು ಕಂಡಿತು.

"ಛೆ! ನಿಂತಿದ್ರೆ ಆ ರಾಜ ನಿಂಗೇ ಬರ್ತಿದ್ದ. ನೀನು ಸೋಲ್ತಿದ್ದೆ" ಎಂದ ಗಿರೀಶ.

"ಚಾ" ಎಂದ ಪ್ರವೀಣ.

"ನಿಜ ತಾನೇ ಹೇಳಿದ್ದು?"

"ನಿಜ ಆದ್ರೂ ಚಾ. ಯಲ್ಲಾ, ಏಳು ಮಾರಾಯ. ಅಕ್ಕನಿಗೆ ಸಕ್ಕರೆ ಕಮ್ಮಿ."

ಗಿರೀಶ ಗೊಣಗುತ್ತ ಅಡುಗೆಮನೆಗೆ ಹೋದ. ಅದು ಸುಧಾಕರ ಮಾಡಿದ ನಿಯಮವೆಂದು ಪ್ರವೀಣ ವಿವರಿಸಿದ. ಎಲೆ ತೆರೆದ ಮೇಲೆ 'ಹಾಗೆ ಮಾಡಿದ್ದರೆ' ಎಂದವನು ಎಲ್ಲರಿಗೂ ಚಹಾ ಮಾಡಬೇಕು. ಅದು ತನ್ನ ಎಲೆಗಳ ಬಗ್ಗೆಯಾದರೂ ಸರಿ, ಬೇರೆಯವರದ್ದಾದರೂ ಸರಿ.

ಮುಂದಿನ ಸುತ್ತಿನಲ್ಲಿ ನನಗೆ ಬಂದದ್ದು ಒಂದು ಹತ್ತು, ಒಂದು ಆರು. ಪ್ರವೀಣನ ಮುಂದೆ ಹತ್ತು. ನಾನು ನಿಲ್ಲುತ್ತೇನೆ ಎಂದೆ.

"ಇದೇ ಅಕ್ಕ, ಎಲ್ಲಕ್ಕಿಂತ ಕೆಟ್ಟ ಕೈ" ಎಂದ ಪ್ರವೀಣ. "ಹತ್ತರೆದುರು ಹದಿನಾರು. ನಿಂತ್ರೂ ಸೋಲೋದೇ ಜಾಸ್ತಿ, ಎಳೆದ್ರೂ ಸೋಲೋದೇ ಜಾಸ್ತಿ. ಕೆಲವು ಮೇಜಲ್ಲಿ ಪಣದ ಅರ್ಧ ಬಿಟ್ಟುಕೊಟ್ಟು ಎದ್ದು ಹೋಗ್ಬಹುದು, ಆಗ ಅದೇ ಒಳ್ಳೇದು. ಆ ನಿಯಮ ಇಲ್ದಿದ್ರೆ ಎಳೀಬೇಕು. ಕೂದಲೆಳೆಯಷ್ಟು ಕಮ್ಮಿ ಸೋಲ್ತೀರಿ, ಅಷ್ಟೇ."

ಎಳೆದೆ. ಒಂಬತ್ತು ಬಂತು.

"ಸೋತ್ರಿ. ಆದ್ರೆ ಸರಿಯಾಗೇ ಆಡಿದ್ರಿ" ಎಂದ.

ನನಗೆ ಸಿಟ್ಟು ಬಂತು. ಸೋತ ಮೇಲೆ ಸರಿಯಾಗಿ ಆಡಿದ್ದೇನು ಬಂತು? ಎಲೆಗಳನ್ನು ಕವುಚಿ ಹಾಕಿದೆ. ನಾಜಿಮ್ ಅಷ್ಟು ಹೊತ್ತೂ ಖಾಲಿ ಮಂಚದ ಪಕ್ಕ ಗೋಡೆಗೊರಗಿ ನಿಂತಿದ್ದ. ಮಾರ್ಚ್‌ನಿಂದ ಅವನು ಎಲೆ ಮುಟ್ಟಿಲ್ಲವೆಂದು ಗಿರೀಶ ಲೋಟ ಕೊಡುವಾಗ ಮೆಲ್ಲಗೆ ಹೇಳಿದ.

ಸೋಮವಾರ ನಾಜಿಮ್ ರಜೆ ಹಾಕಿ ನನ್ನೊಡನೆ ಅಬುಧಾಬಿಗೆ ಬಂದ. ಮೆಟ್ರೋದಲ್ಲಿ ಇಬ್ನ್ ಬತೂತಾ, ಅಲ್ಲಿಂದ ಬಸ್ಸು. ಇಪ್ಪತ್ತೈದು ದಿರ್ಹಮ್, ಸುಮಾರು ಎರಡು ಗಂಟೆ. ಬಸ್ಸಿನೊಳಗೆ ಸೆರಗು ಹೊದೆಯುವಷ್ಟು ಚಳಿ, ಹೊರಗೆ ಬಿಸಿಲಿಗೆ ಬಣ್ಣಗೆಟ್ಟ ಮರಳು, ರಸ್ತೆಯಂಚಿನ ಕೊಳವೆ ನೀರಿನ ಮೇಲೆ ಬದುಕಿರುವ ಖರ್ಜೂರದ ಮರಗಳು. "ಸುಧಾಕರನೂ ಈ ಬಸ್ಸಲ್ಲೇ ಬಂದಿದ್ದು. ಟ್ಯಾಕ್ಸಿ ಬೇಡ ಅಂದ. ಕಿಟಕಿ ಪಕ್ಕ ಕೂತಿದ್ದ" ಎಂದ ನಾಜಿಮ್. ನಾನು ಕಿಟಕಿ ಪಕ್ಕ ಕೂತಿದ್ದೆ.

ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರು ಕೇರಳದವರು. ನಾನು ಹಿಂದಿಯಲ್ಲಿ ಕೇಳಿದೆ, ಅವರು ನಿಧಾನವಾಗಿ ಹಿಂದಿಯಲ್ಲೇ ಹೇಳಿದರು. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಊದಿಕೊಂಡಿತ್ತು. ಹಾಗೆಯೇ ಬಿಟ್ಟರೆ ಯಾವ ದಿನವಾದರೂ ಒಡೆಯಬಹುದು. ಕೊಯ್ದರೆ ಮೇಜಿನಿಂದ ಏಳದೇ ಇರಬಹುದು. ಔಷಧದಿಂದ ದಿನ ದೂಡುವ ಹಂತ ದಾಟಿತ್ತು. ಮೂರನೆಯ ದಾರಿ ಇರಲಿಲ್ಲ.

"ಅವರಿಗೆ ಯಾರಾದರೂ ಒತ್ತಾಯ ಮಾಡಿದರೇ?" ಎಂದು ಕೇಳಿದೆ. ನಾಜಿಮ್ ನನ್ನ ಪಕ್ಕದಲ್ಲೇ ಇದ್ದ.

ವೈದ್ಯರು ಇಲ್ಲವೆಂದು ತಲೆಯಾಡಿಸಿದರು. "ಒಬ್ಬರೇ ಒಳಗೆ ಬಂದಿದ್ದರು. ಸಾಮಾನ್ಯವಾಗಿ ಎಲ್ಲರೂ ಬದುಕುತ್ತೇನೆಯೇ ಎಂದು ಕೇಳುತ್ತಾರೆ. ಅವರು ಹಾಗೆ ಕೇಳಲಿಲ್ಲ. ಎರಡೂ ಕೆಟ್ಟದ್ದೇ ಆದರೆ ಯಾವುದು ಕಡಿಮೆ ಕೆಟ್ಟದ್ದು ಎಂದರು. ನಾನು ಹೇಳಿದೆ. ಹಾಗಾದರೆ ಮಾಡಿ ಎಂದರು."

ನನ್ನ ಕಣ್ಣಿಗೆ ಹಿಂದಿನ ದಿನದ ಇಸ್ಪೀಟಿನ ಮೇಜು ಕಂಡಿತು. ಎದ್ದು ಕೈಮುಗಿದೆ.

ಹಿಂದಿರುಗುವ ಬಸ್ಸಿನಿಂದ ಅಮ್ಮನಿಗೆ ಫೋನ್ ಮಾಡಿದೆ. "ಯಾರೂ ಹೇಳಿದ್ದಲ್ಲ ಅಮ್ಮ. ಅವನೇ ಕೇಣ್ಕಂಡ್, ಅವನೇ ಹೇಳದ್ದ್" ಎಂದೆ. "ಹೆದ್ರಿರ್ಲಿಲ್ಯಾ?" ಎಂದಳು. ಗೊತ್ತಿಲ್ಲ ಎಂದೆ. ಪಕ್ಕದಲ್ಲಿದ್ದ ನಾಜಿಮ್ ಮುಖವನ್ನು ಆ ಕಡೆಗೆ ತಿರುಗಿಸಿದ್ದ.

ಮಂಗಳವಾರ ಸುಧಾಕರನ ಬಟ್ಟೆಗಳನ್ನು ಚೀಲಕ್ಕೆ ತುಂಬಿದೆವು. ಹೆಚ್ಚೇನಿರಲಿಲ್ಲ. ಸ್ವೆಟರನ್ನು ಗಿರೀಶನಿಗೆ ಕೊಟ್ಟೆ. ಬರ್ ದುಬೈಯಲ್ಲಿ ನಾಜಿಮನ ಅಂಗಡಿ ನೋಡಿ, ದೇವಸ್ಥಾನದ ಓಣಿಯಲ್ಲಿ ಹೂ ಕೊಂಡು, ಒಂದು ದಿರ್ಹಮ್ ಕೊಟ್ಟು ಅಬ್ರಾ ದೋಣಿಯಲ್ಲಿ ಆಚೆ ದಡಕ್ಕೆ ಹೋಗಿ ಬಂದೆ. ನೀರಿಗೆ ಡೀಸೆಲ್ ವಾಸನೆ. ಪಕ್ಕದವನೊಬ್ಬ ರೊಟ್ಟಿ ಹರಿದು ಹಕ್ಕಿಗಳಿಗೆ ಎಸೆಯುತ್ತಿದ್ದ.

ಬುಧವಾರ ಸಂಜೆ ವಿಮಾನ ನಿಲ್ದಾಣದಲ್ಲಿ ಚೀಲಗಳನ್ನು ಒಪ್ಪಿಸಿದ ಮೇಲೆ ಇನ್ನೂ ಸಮಯವಿತ್ತು. ನಾಜಿಮ್ ಹೋಗಲಿಲ್ಲ. ಬೆಂಚಿನ ಮೇಲೆ ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತ.

"ಅಕ್ಕ, ಅವತ್ತು ಬಸ್ಸಲ್ಲಿ ಅವನು ನನ್ನ ಕೇಳಿದ್ದ. ಏನು ಮಾಡ್ಲಿ ನಾಜಿಮ್ ಅಂತ. ನಾನು ಡಾಕ್ಟರ್ ಹೇಳಿದ ಹಾಗೆ ಮಾಡು ಅಂದೆ. ನಾನು ಬೇಡ ಅಂದಿದ್ರೆ..."

ಆರು ತಿಂಗಳಿಂದ ನಮ್ಮ ಮನೆಯಲ್ಲಿ ಎಲ್ಲರೂ ಆಡಿದ್ದು ಅದೇ ಮಾತು.

"ಚಾ" ಎಂದೆ.

ಅವನು ತಲೆಯೆತ್ತಿದ. ಬಂದಂದಿನಿಂದ ಮೊದಲ ಬಾರಿ ನನ್ನ ಮುಖವನ್ನು ನೇರವಾಗಿ ನೋಡಿದ. ಆಮೇಲೆ ಎದ್ದು, ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡು ಅಂಗಡಿಯ ಕಡೆಗೆ ನಡೆದ. ಎರಡು ಕಾಗದದ ಲೋಟದಲ್ಲಿ ಕರಕ್ ಎಂಬ ಗಟ್ಟಿ ಹಾಲಿನ ಚಹಾ ತಂದ. "ಸಕ್ಕರೆ ಕಮ್ಮಿ ಹಾಕ್ಸಿದ್ದೇನೆ" ಎಂದ. ಏಲಕ್ಕಿಯ ಪರಿಮಳ, ನಾಲಿಗೆ ಸುಡುವ ಬಿಸಿ. ಈ ಸಲ ಪಕ್ಕದಲ್ಲೇ ಕೂತ. ಇಬ್ಬರೂ ಕೊನೆಯ ಗುಟುಕಿನವರೆಗೆ ಕುಡಿದೆವು.

"ಭಾನುವಾರ ಆಡು" ಎಂದೆ ಏಳುವಾಗ. ಅವನು ಹೂಂ ಎಂದ.

ತಪಾಸಣೆಯ ಸಾಲಿನಿಂದ ಹಿಂದಿರುಗಿ ನೋಡಿದಾಗ ಗಾಜಿನ ಆಚೆ ಅವನು ಇನ್ನೂ ನಿಂತಿದ್ದ. ನನ್ನ ಖಾಲಿ ಲೋಟವನ್ನು ತನ್ನ ಲೋಟದೊಳಗೆ ಇಟ್ಟು, ಎರಡನ್ನೂ ಒಂದೇ ಕೈಯಲ್ಲಿ ಹಿಡಿದಿದ್ದ.