ಎರಡು ಸಲ ನಡೆದ ಕಾಕಾನ ಲಗ್ನ

ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ಕಾಕಾನ ಲಗ್ನದಲ್ಲಿ ನಾನಿದ್ದೆ, ಆದರೆ ಬಹಳ ಚಿಕ್ಕವಳು. ನನಗೆ ನೆನಪಿರುವ ಲಗ್ನದಲ್ಲಿ ಅವನ ಕೂದಲು ಎಡಕ್ಕೆ ಜಾರಿದೆ. ಆಗ ಅವನಿಗೆ ಸ್ವಂತ ಕೂದಲೇ ಇತ್ತು. ಹಾಗಾದರೆ ನಾನು ನೆನೆಯುತ್ತಿರುವುದು ಯಾವ ಲಗ್ನವನ್ನು?

ನಮ್ಮ ಮನೆಯ ಸಿನಿಮಾ-ಟಿವಿ ಕಂಪನಿ ಹುಟ್ಟಿದ್ದು ಆ ಲಗ್ನದಿಂದ. ಗೋಕಾಕದಲ್ಲಿ ಕಾಕಾ ಮದುವೆಗಳ ವಿಡಿಯೋ ತೆಗೆಯುತ್ತಿದ್ದ. ಹುಕ್ಕೇರಿಯಲ್ಲಿ ಕಾಕಿಯ ಅಪ್ಪ ಮನೆಮನೆಗೆ ಕೇಬಲ್ ಎಳೆಯುತ್ತಿದ್ದರು, ಆದರೆ ಅದರಲ್ಲಿ ತೋರಿಸಲು ಅವರದೇ ಎನ್ನುವುದು ಏನೂ ಇರಲಿಲ್ಲ. ಎರಡೂ ಮನೆಯವರು ಬೀಗರಾದರು, ಇಬ್ಬರ ಕೆಲಸವೂ ಸೇರಿ ಒಂದು ಕಂಪನಿಯಾಯಿತು. ಆಮೇಲೆ ಸ್ಥಳೀಯ ಚಾನೆಲ್, ಅರ್ಧಕ್ಕೆ ನಿಂತ ಧಾರಾವಾಹಿ, ಓಡದ ಒಂದು ಸಿನಿಮಾ, ಈಗ ಮೊಬೈಲಿಗೆ ಹಾಸ್ಯದ ತುಣುಕುಗಳು.

ಇಷ್ಟಾದರೂ ಆ ಲಗ್ನದ ವಿಡಿಯೋ ಮಾತ್ರ ಇಲ್ಲ. ಹೆಣ್ಣಿನವರು ತೆಗೆಸುತ್ತಾರೆಂದು ಗಂಡಿನವರು ಸುಮ್ಮನಿದ್ದರು, ಗಂಡಿನವರ ಉದ್ಯೋಗವೇ ಅದಲ್ಲವೇ ಎಂದು ಹೆಣ್ಣಿನವರು. ಕಾಕಾನ ಕ್ಯಾಮೆರಾಮನ್ ಹೊಸ ಅಂಗಿ ತೊಟ್ಟು ಮೊದಲ ಪಂಕ್ತಿಯಲ್ಲೇ ಊಟಕ್ಕೆ ಕುಳಿತಿದ್ದನಂತೆ. ಉಳಿದಿರುವ ಒಂದೇ ಫೋಟೋದಲ್ಲಿ ಕಾಕಿಯ ಮುಖ ಬಾಸಿಂಗದ ಹಿಂದೆ ಮುಚ್ಚಿಹೋಗಿದೆ.

ಕೆಲವು ವರ್ಷಗಳ ಹಿಂದೆ ಮೂಡಲಗಿಯಲ್ಲಿ ಹೊಸ ಸ್ಟುಡಿಯೋ ತೆರೆಯುವಾಗ, ಕಂಪನಿಯ ಇತಿಹಾಸದ ಮೇಲೆ ಒಂದು ಚಿತ್ರ ಮಾಡೋಣ ಎಂದ ಕಾಕಾ. ಬರೆಯುವ ಕೆಲಸ ನನ್ನದಾಯಿತು.

"ಲಗ್ನದಿಂದ ಶುರು ಮಾಡವಾ," ಎಂದಳು ಕಾಕಿ.

"ಅದರ ವಿಡಿಯೋ ಎಲ್ಲೈತಿ?" ಕಾಕಾ ನಕ್ಕ.

"ಊರ ಮಂದಿ ಲಗ್ನಾ ಎಲ್ಲಾ ತೆಗದೀರಿ. ನನ್ನ ಲಗ್ನಾ ನಾ ಒಂದ ಸಲಾನೂ ನೋಡಿಲ್ಲ. ಮತ್ತ ಮಾಡೂಣು. ಇಲ್ಲಾಂದ್ರ ನಿಮ್ಮ ರಿಬ್ಬನ್ ನೀವ ಕತ್ತರಿಸ್ಕೊರ‍್ರಿ."

ಸ್ಟುಡಿಯೋದಲ್ಲೇ ಮದುವೆಯ ಹಂದರ ಎದ್ದಿತು. ತಲೆಗೆ ಪಟಗಾ ಸುತ್ತಿದರೆ ಬೋಳು ಕಾಣುವುದಿಲ್ಲ ಎಂದರೂ ಕಾಕಾ ಕೇಳಲಿಲ್ಲ. "ನನಗ ಕೂದಲಿತ್ತು ಅನ್ನೂದು ಮಂದಿಗೆ ಗೊತ್ತಾಗಬೇಕು," ಎಂದು ನಾಟಕದವರಿಂದ ವಿಗ್ ತಂದು ಅಂಟಿಸಿಕೊಂಡ. ಕಾಲೇಜಿಗೆ ಹೋಗುವ ಅವರ ಮಗಳು ಅಪ್ಪ-ಅಮ್ಮನ ಮೇಲೆ ಅಕ್ಕಿಕಾಳು ಹಾಕಲು ಎಲ್ಲರಿಗಿಂತ ಮುಂದೆ ನಿಂತಳು.

ಲಗ್ನ ಮಾಡಿಸಲು ಬಂದ ಅಯ್ನೋರಿಗೆ ಗೊಂದಲ. "ಮಂತ್ರಾ ಖರೇ ಹೇಳ್ಲ್ಯೋ, ಬರೇ ಬಾಯಿ ಆಡಸ್ಲ್ಯೋ?"

"ಖರೇನ ಹೇಳ್ರಿ. ಆವಾಜ್ ಬೇಕು," ಎಂದ ಕಾಕಾ.

ಕಾಕಾ ತಾಳಿ ಕಟ್ಟಿದ. ಮರುಕ್ಷಣ ತಾನೇ ಕೂಗಿದ: "ಕಟ್! ನನ್ನ ನೆರಳು ಆಕಿ ಮಾರಿ ಮ್ಯಾಲ ಬಿತ್ತು."

ಮತ್ತೆ ಕಟ್ಟಿದ. ಈ ಸಲ ಫ್ಯಾನ್ ಗಾಳಿಗೆ ವಿಗ್ ಎಡಕ್ಕೆ ಜಾರಿತು.

"ಎಷ್ಟ ಸಲ ಕಟ್ಟತೀರಿ?" ಎಂದಳು ಕಾಕಿ. "ನನಗ ಮೊದಲಿನ ಒಂದ ಲಗ್ನಾನ ಸಾಕಾಗೇತಿ."

"ಇನ್ನೊಂದ ಟೇಕ್, ಮಾರಾಯ್ತಿ."

ಆ ಟೇಕಿನಲ್ಲಿ ಅಕ್ಕಿಕಾಳು ಬಿದ್ದು ಮುಗಿದರೂ ಕ್ಯಾಮೆರಾ ಓಡುತ್ತಲೇ ಇತ್ತು. ಕಟ್ ಹೇಳಬೇಕಾದವನೇ ಶಲ್ಯದ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಿದ್ದ.

"ವಿಗ್ಗಿನ ಅಂಟು ಕಣ್ಣಾಗ ಇಳೀತು," ಎಂದ, ಯಾರೂ ಕೇಳದಿದ್ದರೂ.

ಈಗ ಮೂಡಲಗಿಯ ಆಫೀಸು ನೋಡಿಕೊಳ್ಳುವವಳು ಕಾಕಿ. ಬಿಡುವಾದಾಗ ಟಿವಿಯಲ್ಲಿ ಆ ಚಿತ್ರ ಹಾಕುತ್ತಾಳೆ. ತನ್ನ ಮುಖ ಬಂದಾಗ ನಿಲ್ಲಿಸುತ್ತಾಳೆ ಎಂದುಕೊಂಡಿದ್ದೆ. ಅದನ್ನು ಮುಂದಕ್ಕೆ ಓಡಿಸಿ, ಕಾಕಾ ಕಣ್ಣೊರೆಸುವಲ್ಲಿ ನಿಲ್ಲಿಸುತ್ತಾಳೆ. ಮೊನ್ನೆ ಕೇಳಿಯೇ ಬಿಟ್ಟೆ. ಕಾಕಿ ರಿಮೋಟ್ ಒತ್ತಿ ಮತ್ತೆ ಹಿಂದಕ್ಕೆ ಓಡಿಸಿದಳು. ನಾನು ಕೇಳಿದ್ದು ಇಷ್ಟೇ:

"ಕಾಕಿ, ಮೊದಲನೇ ಲಗ್ನದಾಗೂ ಕಾಕಾ ಅತ್ತಿದ್ನೇನ?"